ಮೆಕ್ಕೆಜೋಳಕ್ಕೆ ಬರುವ ಬೂಷ್ಟು ಉಪ್ಪಿನಕಾಯಿಗೆ ಯಾಕೆ ಬರಲ್ಲ?

ಜಗಳೂರು ಕಡೆ ನಮ್ಮ ದೊಡ್ಡಪ್ಪನ ಮನೆ. ಒಂದು ನವೆಂಬರ್‌ನಲ್ಲಿ ಹೋದಾಗ ಅಂಗಳದಲ್ಲಿ ಮೆಕ್ಕೆಜೋಳದ ರಾಶಿ ಇತ್ತು. ಮೇಲೆ ತಾಡಪಾಲು. ಪಕ್ಕದ ಕಂಬಕ್ಕೆ ದೃಷ್ಟಿ ತಾಗದಿರಲೆಂದು ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ. ತಾಡಪಾಲು ಸರಿಸಿ ಮೊಣಕೈವರೆಗೂ ರಾಶಿಯೊಳಗೆ ಕೈ ತೂರಿಸಿದೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಾಯಿತು. ಕೈಗೆ ಬಂದ ಕಾಳು ಉಂಡೆಗಟ್ಟಿತ್ತು. ಒಡೆದರೆ ಹಳದಿ ಕಲೆತ ಹಸಿರು ಪುಡಿ, ಮುಗ್ಗಲು ವಾಸನೆ.

"ಯಾರದೋ ಕಣ್ಣು ಬಿತ್ತು ಕಣಪ್ಪ. ರಾಶಿ ಹಾಕಿದಾಗ ಚಿನ್ನದಂಗಿತ್ತು" ಎಂದರು ದೊಡ್ಡಪ್ಪ.

ಹಂಗಾಮೆಲ್ಲ ಮೈಮುರಿದು ದುಡಿದವರ ಸಂಕಟ ಅದು. ಅದಕ್ಕೆ ನಗಲಾರೆ. ಆದರೆ ಕಣ್ಣಿನ ಮೇಲೆ ತಪ್ಪು ಹೊರಿಸಿದರೆ ಮುಂದಿನ ವರ್ಷವೂ ಅದೇ ಗತಿ. "ಚೆನ್ನಾಗಿ ಒಣಗಿಸಿದ್ವಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಒಣಗಿಸಿದರೆ ಚೆನ್ನಾಗಿ ಒಣಗಿಸಿದ ಹಾಗೆ? ನನ್ನ ತಲೆ ಕೆಡಿಸಿದ್ದು ಈ ಪ್ರಶ್ನೆ.

ಜೇನುತುಪ್ಪದಲ್ಲಿ ನೂರಕ್ಕೆ ಸುಮಾರು 17-18 ಪಾಲು ನೀರಿದೆ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಅಷ್ಟೇ ನೀರಿರುವ ಮೆಕ್ಕೆಜೋಳವನ್ನು ರಾಶಿ ಹಾಕಿ ನೋಡಿ, ಕೆಲವೇ ದಿನಗಳಲ್ಲಿ ಬೂಷ್ಟು. ಉಪ್ಪಿನಕಾಯಿಯಂತೂ ರಸದಲ್ಲೇ ಮುಳುಗಿರುತ್ತದೆ, ಆದರೂ ಕೆಡುವುದಿಲ್ಲ. ಉಪ್ಪು ಕಮ್ಮಿ ಬಿದ್ದರೆ ಮಾತ್ರ ಅದಕ್ಕೂ ಬೂಷ್ಟು. ಅಂದರೆ ಎಷ್ಟು ನೀರಿದೆ ಅನ್ನುವುದಕ್ಕಿಂತ, ಆ ನೀರು ಎಷ್ಟು ಬಿಡುವಾಗಿದೆ ಅನ್ನುವುದು ಮುಖ್ಯ.

ಬ್ಯಾಂಕಿನಲ್ಲಿ ಠೇವಣಿ ಇಟ್ಟ ದುಡ್ಡೂ ನಿಮ್ಮದೇ, ಜೇಬಿನಲ್ಲಿರುವ ದುಡ್ಡೂ ನಿಮ್ಮದೇ. ಜೇಬುಗಳ್ಳನಿಗೆ ಸಿಗುವುದು ಜೇಬಿನದು ಮಾತ್ರ. ಜಾತ್ರೆಯಲ್ಲಿ ಅಮ್ಮನ ಕೈ ಹಿಡಿದ ಮಗು ಎಲ್ಲೂ ಹೋಗಲ್ಲ, ಕೈ ಬಿಟ್ಟ ಮಗು ತೇರಿನ ಹತ್ತಿರ ಓಡುತ್ತದೆ. ಉಪ್ಪು, ಸಕ್ಕರೆ, ಕಾಳಿನ ಪಿಷ್ಟ ಇವೆಲ್ಲ ನೀರಿನ ಕೈ ಹಿಡಿದುಕೊಳ್ಳುತ್ತವೆ. ಕೈ ಬಿಟ್ಟ ನೀರನ್ನೇ ಶಿಲೀಂಧ್ರ ಹೀರುವುದು. ಆಸ್ಟ್ರೇಲಿಯಾದ ವಿಲಿಯಂ ಸ್ಕಾಟ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಆಹಾರ ಕೆಡುವುದನ್ನು ಈ ಲೆಕ್ಕದಿಂದ ನೋಡುವುದನ್ನು ಕಲಿಸಿದರು. ಇದಕ್ಕೆ 'ನೀರಿನ ಚಟುವಟಿಕೆ' ಅನ್ನುತ್ತಾರೆ. ಶುದ್ಧ ನೀರಿಗೆ 1, ಒಂದಿಷ್ಟೂ ಬಿಡುವಿಲ್ಲದಿದ್ದರೆ 0. ಜೇನಿನದು 0.6ರ ಆಸುಪಾಸು.

ದಾವಣಗೆರೆಯವರಿಗೆ ಇದನ್ನು ಹೇಳಲು ಮಂಡಕ್ಕಿ ಸಾಕು. ಮಳೆಗಾಲದಲ್ಲಿ ಮಂಡಕ್ಕಿ ಚೀಲ ಬಾಯಿ ತೆರೆದಿಟ್ಟರೆ ಸಂಜೆಗೆ ಮೆತ್ತಗಾಗುತ್ತದೆ, ಬಿಸಿಲಿಗಿಟ್ಟರೆ ಮತ್ತೆ ಗರಿಗರಿ. ಅದು ಗಾಳಿಯ ಜೊತೆ ನೀರಿನ ಕೊಡುಕೊಳ್ಳುವಿಕೆ ನಡೆಸುತ್ತಿದೆ. ಕಾಳೂ ಹಾಗೆಯೇ. ಮುಚ್ಚಿದ ಡಬ್ಬಿಯಲ್ಲಿ ಕಾಳಿಟ್ಟರೆ ಒಳಗಿನ ಗಾಳಿಯ ತೇವ ಎಷ್ಟಿರಬೇಕೆಂದು ಆ ಕಾಳೇ ತೀರ್ಮಾನಿಸುತ್ತದೆ. ತೇವ ಶೇ. 75ಕ್ಕೆ ನಿಂತರೆ ಕಾಳಿನ ನೀರಿನ ಚಟುವಟಿಕೆ 0.75.

ಶೇಂಗಾದ ಲೆಕ್ಕ ಇನ್ನೂ ಚಂದ. ಮೆಕ್ಕೆಜೋಳವನ್ನು 12-13 ಪಾಲು ತೇವಕ್ಕೆ ಒಣಗಿಸಿದರೆ ಸಾಕು, ಶೇಂಗಾ ಬೀಜ ಮಾತ್ರ 7ಕ್ಕೆ ಇಳಿಯಬೇಕು ಅನ್ನುತ್ತಾರೆ. ಯಾಕಿಷ್ಟು ವ್ಯತ್ಯಾಸ? ಬೀಜದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆ. ಎಣ್ಣೆ ನೀರಿನ ಕೈ ಹಿಡಿಯುವುದಿಲ್ಲ. ನೂರು ಗ್ರಾಂ ಬೀಜದಲ್ಲಿ 48 ಗ್ರಾಂ ಎಣ್ಣೆ ತೆಗೆದರೆ ಉಳಿಯುವುದು 52 ಗ್ರಾಂ. ಇದ್ದ 7 ಗ್ರಾಂ ನೀರೆಲ್ಲ ಈ 52ರಲ್ಲೇ. ಭಾಗಿಸಿ ನೋಡಿ, ಶೇ. 13ರ ಮೇಲೆ ಸ್ವಲ್ಪ. ಹೆಚ್ಚುಕಮ್ಮಿ ಮೆಕ್ಕೆಜೋಳದ ಅದೇ ಮಿತಿ! ಮೊದಲ ಸಲ ಈ ಲೆಕ್ಕ ಕೂಡಿಬಂದಾಗ ನನಗೆ ಹಬ್ಬವಾಗಿತ್ತು. ಚಳ್ಳಕೆರೆ ಸೀಮೆಯಲ್ಲಿ ಶೇಂಗಾಕ್ಕೆ ಒಂದೆರಡು ಬಿಸಿಲು ಜಾಸ್ತಿ ಬೇಕಾಗುವುದು ಅದಕ್ಕೇ. ಕಾಯಿ ಒಡೆಸುವಾಗ ಬೀಜ ಮುರಿಯದಿರಲೆಂದು ನೀರು ಚಿಮುಕಿಸುತ್ತಾರಲ್ಲ, ಅಲ್ಲಿಗೆ ಒಣಗಿಸಿದ್ದೆಲ್ಲ ವ್ಯರ್ಥ.

ದೊಡ್ಡಪ್ಪನ ರಾಶಿಯಲ್ಲಿದ್ದ ಹಸಿರು ಪುಡಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರದ ಹಾಗೆ ಕಾಣುತ್ತಿತ್ತು. ಅದು ಬೆಳೆಯಲು ನೀರಿನ ಚಟುವಟಿಕೆ 0.80ರ ಆಚೀಚೆ ಬೇಕು. ಅದಕ್ಕಿಂತ ಕಮ್ಮಿಯಲ್ಲೂ ಬದುಕುವ ಬೂಷ್ಟುಗಳಿವೆ. ಅವು ಮೊದಲು ಬಂದು ಕೂರುತ್ತವೆ, ಉಸಿರಾಡುತ್ತವೆ, ಕಾವು ಮತ್ತು ನೀರು ಬಿಡುತ್ತವೆ. ರಾತ್ರಿ ಚಳಿಗೆ ತಾಡಪಾಲಿನ ಅಡಿ ಆ ಹಬೆ ಹನಿಯಾಗಿ ಮತ್ತೆ ಕಾಳಿಗೇ ಬೀಳುತ್ತದೆ. ಆಮೇಲೆ ಫ್ಲೇವಸ್‌ಗೆ ಬಾಗಿಲು ತೆರೆದ ಹಾಗೆಯೇ.

ಫ್ಲೇವಸ್ ಬಿಡುವ ವಿಷವನ್ನು ಜಗತ್ತು ಗುರುತಿಸಿದ ಕಥೆಯೂ ಶೇಂಗಾದ್ದೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ತಿಳಿಯದೆ 'ಟರ್ಕಿ ಎಕ್ಸ್ ರೋಗ' ಎಂದು ಹೆಸರಿಟ್ಟರು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಶಿಲೀಂಧ್ರದ ಹೆಸರಿನಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹಳ್ಳಿಯ ನಾಯಿಗಳಿಗೂ ಕಾಯಿಲೆ ಬಂತು. ಹಾಗೆ ಕೂಡಲೇ ಕೊಲ್ಲದಿದ್ದರೂ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಒಳಗೆ ಹೋದರೆ ಪಿತ್ತಜನಕಾಂಗದ ಕ್ಯಾನ್ಸರ್ ತರುತ್ತದೆ. ನಮ್ಮ ದೇಶದಲ್ಲಿ ಕಾಳುಕಡಿಗೆ ಇರುವ ಮಿತಿ ಒಂದು ಕಿಲೋಗೆ 15 ಮೈಕ್ರೋಗ್ರಾಂ. ಅಂದರೆ ಹತ್ತು ಕ್ವಿಂಟಾಲ್ ಮೆಕ್ಕೆಜೋಳದಲ್ಲಿ ಹದಿನೈದೇ ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಮ್ಮಿ.

ಒರೆಸಿ, ತೊಳೆದು, ಹುರಿದರೆ ಸರಿಹೋಗುತ್ತದೆ ಎಂಬ ನಂಬಿಕೆಗೆ ನಾನು ತುಂಬಾ ಹೆದರುತ್ತೇನೆ. ಹುರಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಅಡುಗೆ ಮನೆಯ ಕಾವಿಗೆ ಪೂರ್ತಿ ಹೋಗುವುದಿಲ್ಲ. ಅದಕ್ಕಿಂತ ಮುದುಡಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ಎಸೆಯುವುದು ಎಷ್ಟೋ ಮೇಲು. ವಿಷ ಹೆಚ್ಚಾಗಿ ಕೆಲವೇ ಕಾಳುಗಳಲ್ಲಿ ತುಂಬಿಕೊಂಡಿರುತ್ತದೆ.

ಹೊಲದಲ್ಲಿ ಮಾಡುವುದೂ ಇದೆ. ಶೇಂಗಾ ಕಾಯಿ ಬಲಿಯುವ ಕೊನೆಯ 3-4 ವಾರ ಮಳೆ ಕೈಕೊಟ್ಟರೆ ಮಣ್ಣು ಕಾದು, ಗಿಡ ಸೊರಗಿ, ಶಿಲೀಂಧ್ರ ನೆಲದೊಳಗೇ ಕಾಯಿಗೆ ಇಳಿಯುತ್ತದೆ. ಆಗ ಒಂದು ನೀರು ಕೊಡಲು ಆದರೆ ದೊಡ್ಡ ಉಪಕಾರ. ಬಿತ್ತುವ ಮೊದಲು ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಚ್ಚಬೇಕು. ಕಿತ್ತ ಮೇಲೆ ಕಾಯಿ ಮೇಲಾಗಿ ಗಿಡ ಮಗುಚಿ ಒಣಗಿಸಬೇಕು.

ದೊಡ್ಡಪ್ಪ ಉಂಡೆಗಟ್ಟಿದ ಕಾಳನ್ನು ಬುಟ್ಟಿಗೆ ತುಂಬಿ, "ಎಮ್ಮೆಗೆ ಹಾಕಿದರಾಯ್ತು" ಎಂದರು. ನಾನು ಬುಟ್ಟಿ ಹಿಡಿದುಕೊಂಡೆ. ಎಮ್ಮೆ ತಿಂದ ವಿಷ ರೂಪ ಬದಲಿಸಿ ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಆ ಹಾಲು ಕುಡಿಯುವುದು ಮೊಮ್ಮಗಳು. ಅದನ್ನು ಹೇಳಿದ ಮೇಲೆ ಅವರೇ ಗುಂಡಿ ತೋಡಿದರು.

ಉಳಿದ ಕಾಳಿಗೆ ಬಾಟಲಿ ಪರೀಕ್ಷೆ ಮಾಡಿದೆವು. ಒಣಗಿದ ಗಾಜಿನ ಬಾಟಲಿಗೆ ಮೂರರಲ್ಲಿ ಒಂದು ಪಾಲು ಕಾಳು, ಎರಡು ಚಮಚ ಒಣ ಪುಡಿಉಪ್ಪು. ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ ಕಾಲು ಗಂಟೆ ಬಿಟ್ಟೆವು. ಗಾಳಿಯ ತೇವ ಶೇ. 75 ದಾಟಿದರೆ ಅಡುಗೆ ಉಪ್ಪು ನೀರೊಡೆಯುತ್ತದೆ. ಅಂದರೆ ಮೂರು ಕಾಸಿನ ಉಪ್ಪೇ ನೀರಿನ ಚಟುವಟಿಕೆ ಅಳೆಯುವ ಯಂತ್ರ! ಮೆಕ್ಕೆಜೋಳದಲ್ಲಿ ಆ ಗೆರೆ ಇರುವುದು ಸುಮಾರು 15 ಪಾಲು ತೇವದ ಹತ್ತಿರ. ನಮ್ಮ ಬಾಟಲಿಯ ಒಳಗೋಡೆಗೆಲ್ಲ ಉಪ್ಪು ಮೆತ್ತಿಕೊಂಡಿತ್ತು.

ರಾಶಿ ಹರವಿ ಎರಡು ದಿನ ಒಣಗಿಸಿದೆವು, ಗಂಟೆಗೊಮ್ಮೆ ಕಾಲಾಡಿಸುತ್ತಾ. ಮೂರನೇ ದಿನ ಬೆಳಿಗ್ಗೆ ದೊಡ್ಡಪ್ಪನೇ ಬಾಟಲಿ ಕುಲುಕಿದರು. ಗಾಜು ಸ್ವಚ್ಛ, ಉಪ್ಪೆಲ್ಲ ತಳದಲ್ಲಿ. "ತುಂಬಿಸಲಾ ಚೀಲಕ್ಕೆ?" ಎಂದರು. ತೇವ 15ಕ್ಕಿಂತ ಕೆಳಗೆ ಇಳಿದಿದೆ, 12ಕ್ಕೆ ಇನ್ನೂ ದಾರಿ ಇದೆ ಎಂದೆ. ಅವರು ಒಂದು ಕಾಳು ಕಚ್ಚಿ ನೋಡಿ, ಹಲಗೆ ತಗೊಂಡು ಮತ್ತೆ ಹರವಲು ಶುರುಮಾಡಿದರು.