ಕರೆಂಟಿಗೆ ಮೊದಲು ಒಂದು ಮಾತು

ಎದುರು ಮನೆಯ ರಾಯರು ಒಂದು ಟಾರ್ಚ್ ಹಿಡಿದುಕೊಂಡು ಬಂದರು. ಹಿತ್ತಿಲಲ್ಲಿ ಹಾವು ಕಾಣಿಸಿಕೊಂಡ ಮೇಲೆ ಕೊಂಡದ್ದು, ಬುಡದಲ್ಲಿ ಯುಎಸ್‌ಬಿ-ಸಿ ತೂತು. "ಮಗ ಲ್ಯಾಪ್‌ಟಾಪಿನ ದೊಡ್ಡ ಚಾರ್ಜರ್ ಕೊಟ್ಟುಹೋಗಿದಾನೆ. ಅದಕ್ಕೆ ಹಾಕಿದ್ರೆ ಟಾರ್ಚು ಮಿಸುಕಾಡಲ್ಲ. ಹಳೇ ಫೋನಿನ ಡಬ್ಬಾ ಚಾರ್ಜರಿಗೆ ಹಾಕಿದ್ರೆ ಆಗತ್ತೆ. ದೊಡ್ಡದು ಕೆಟ್ಟಿರಬೇಕು, ಸ್ವಲ್ಪ ನೋಡ್ರಿ" ಎಂದರು.

ದೊಡ್ಡದು ಕೆಟ್ಟಿರಲಿಲ್ಲ. ನಿಯಮ ಪಾಲಿಸಿದ್ದೇ ಅದರ ತಪ್ಪು.

ಹಳೆಯ ಚಪ್ಪಟೆ ಯುಎಸ್‌ಬಿ ಸಾಕೆಟ್ ಊರ ನಲ್ಲಿಯ ಹಾಗೆ. ಯಾರು ಬಂದರೂ ಬಾರದಿದ್ದರೂ ಅಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ. ಯುಎಸ್‌ಬಿ-ಸಿಯಲ್ಲಿ ಹಾಗೆ ಬಿಡುವಂತಿಲ್ಲ. ಕೇಬಲ್ಲಿನ ಎರಡು ತುದಿಗೂ ಒಂದೇ ಪ್ಲಗ್ ಇರುವುದರಿಂದ ಯಾರಾದರೂ ಎರಡು ಚಾರ್ಜರ್‌ಗಳನ್ನೇ ಒಂದಕ್ಕೊಂದು ಜೋಡಿಸಿಬಿಡಬಹುದು. ಅದಕ್ಕೇ 2014ರಲ್ಲಿ ಈ ಕನೆಕ್ಟರ್ ರೂಪಿಸಿದವರು ಒಂದು ಕಟ್ಟಳೆ ಹಾಕಿದರು: ಎದುರಿಗಿರುವವನು ಬೇಡುವವನೇ ಎಂದು ಖಾತ್ರಿಯಾಗುವವರೆಗೆ ಚಾರ್ಜರ್ ಒಂದು ವೋಲ್ಟನ್ನೂ ಹೊರಗೆ ಬಿಡಕೂಡದು.

ಖಾತ್ರಿಯಾಗುವ ಬಗೆ ಬಹಳ ಸರಳ. 24 ಪಿನ್‌ಗಳಲ್ಲಿ ಎರಡಕ್ಕೆ ಸಿಸಿ1, ಸಿಸಿ2 ಎಂದು ಹೆಸರು. ಚಾರ್ಜರ್ ತನ್ನ ಕಡೆಯಿಂದ ಆ ಎರಡರ ವೋಲ್ಟೇಜನ್ನೂ ರೆಸಿಸ್ಟರ್ (ಕರೆಂಟಿಗೆ ಅಡ್ಡಿಯೊಡ್ಡುವ ಪುಟ್ಟ ಭಾಗ) ಮೂಲಕ ಮೇಲಕ್ಕೆ ಎಳೆದಿಟ್ಟಿರುತ್ತದೆ. ಬೇಡುವ ಸಾಧನ ತನ್ನ ಕಡೆ ಪ್ರತಿ ಸಿಸಿ ಪಿನ್ನಿನಿಂದ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿನ ತಂತಿಗೆ, 5.1 ಕಿಲೋಓಮ್‌ನ ಒಂದೊಂದು ರೆಸಿಸ್ಟರ್ ಇಟ್ಟುಕೊಂಡಿರಬೇಕು. ಕೇಬಲ್ಲಿನೊಳಗೆ ಸಿಸಿ ತಂತಿ ಒಂದೇ, ಹಾಗಾಗಿ ಅದು ಕೂಡಿದ ಕ್ಷಣ ಒಂದು ಸಿಸಿಯ ವೋಲ್ಟೇಜ್ ಕೆಳಗಿಳಿಯುತ್ತದೆ. "ಸರಿ, ಯಾರೋ ಇದ್ದಾರೆ" ಎಂದು ಚಾರ್ಜರ್ 5 ವೋಲ್ಟ್ ಬಿಡುತ್ತದೆ. ಯಾವ ಸಿಸಿ ಇಳಿಯಿತು ಎನ್ನುವುದರಿಂದ ಪ್ಲಗ್ಗನ್ನು ಯಾವ ಮಗ್ಗುಲಾಗಿ ಹಾಕಿದ್ದಾರೆಂಬುದೂ ಗೊತ್ತಾಗುತ್ತದೆ.

ರಾಯರ ಟಾರ್ಚ್ ಬಿಚ್ಚಿ ನೋಡಿದೆ. ಸಿಸಿ ಪಿನ್‌ಗಳಿಗೆ ಏನನ್ನೂ ಜೋಡಿಸಿರಲಿಲ್ಲ. ಪೈಸೆಗಳ ಲೆಕ್ಕದಲ್ಲಿ ಸಿಗುವ ಎರಡು ರೆಸಿಸ್ಟರ್ ಉಳಿಸಿದ್ದರು. ಹಳೆಯ ಚಾರ್ಜರ್ ಏನೂ ಕೇಳದೆ 5 ವೋಲ್ಟ್ ಕೊಡುತ್ತದಾದ್ದರಿಂದ ಟಾರ್ಚಿನ ಜೊತೆ ಬಂದ, ಒಂದು ತುದಿ ಚಪ್ಪಟೆಯಾದ ಕೇಬಲ್ಲಿನಲ್ಲಿ ಅದು ಸಲೀಸಾಗಿ ಚಾರ್ಜಾಗುತ್ತದೆ, ಕಾರ್ಖಾನೆಯಲ್ಲೂ ಅದೇ ಕೇಬಲ್ಲಿನಲ್ಲಿ ನೋಡಿ ಕಳಿಸಿರುತ್ತಾರೆ. ಟ್ರಿಮ್ಮರ್, ಪುಟ್ಟ ಫ್ಯಾನ್, ಅಗ್ಗದ ಸ್ಪೀಕರ್‌ಗಳಲ್ಲೂ ಇದೇ ಕಥೆ. ಬೈಗುಳ ಮಾತ್ರ ಚಾರ್ಜರಿಗೆ.

ಈ ರೋಗ ಹಿಡಿಯಲು ಸಾಮಾನ್ಯ ಮಲ್ಟಿಮೀಟರ್ ಸಾಕು. ಚಾರ್ಜರ್ ಜೋಡಿಸಿ, ಸಾಧನದ ಕಡೆ ಸಿಸಿ ಮತ್ತು ಗ್ರೌಂಡ್ ನಡುವೆ ಅಳೆಯಿರಿ. ವೋಲ್ಟೇಜ್ ಇಳಿಯದೆ ಮೇಲೇ ನಿಂತಿದ್ದರೆ ಸಾಧನದಲ್ಲಿ ರೆಸಿಸ್ಟರ್ ಇಲ್ಲವೆಂದರ್ಥ. ಸುಮಾರು 0.4 ವೋಲ್ಟ್ ಬಂದರೆ ಚಾರ್ಜರ್ "ಮಾಮೂಲಿ ಯುಎಸ್‌ಬಿಯಷ್ಟು ಮಾತ್ರ" ಎನ್ನುತ್ತಿದೆ. 0.9ರ ಆಸುಪಾಸಿದ್ದರೆ 1.5 ಆಂಪಿಯರ್, 1.7 ಇದ್ದರೆ 3 ಆಂಪಿಯರ್. ಚಾರ್ಜರಿನ ಎಳೆತದ ರೆಸಿಸ್ಟರ್ 56, 22 ಅಥವಾ 10 ಕಿಲೋಓಮ್ ಇದ್ದಾಗ 5 ವೋಲ್ಟಿನಿಂದ ಬರುವ ಲೆಕ್ಕ ಅದು. ಚಿಪ್ಪು, ಸಾಫ್ಟ್‌ವೇರು ಯಾವುದೂ ಇಲ್ಲಿಯವರೆಗೆ ಬಂದಿಲ್ಲ, ಬರೀ ಓಮ್‌ನ ನಿಯಮ.

ರೆಸಿಸ್ಟರ್ ಉಳಿಸುವ ಚಪಲ ಅಗ್ಗದ ಟಾರ್ಚಿನವರಿಗೆ ಮಾತ್ರ ಎಂದುಕೊಂಡರೆ ತಪ್ಪು. 2019ರ ಜೂನ್‌ನಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಎರಡು ಸಿಸಿ ಪಿನ್‌ಗಳನ್ನೂ ಒಟ್ಟಿಗೆ ಸೇರಿಸಿ ಒಂದೇ 5.1 ಕಿಲೋಓಮ್ ಹಾಕಿದ್ದರು. ಕಾಗದದ ಮೇಲೆ ನೋಡಿದರೆ ಏನು ಮಹಾ ವ್ಯತ್ಯಾಸ ಅನ್ನಿಸುತ್ತದೆ. ಸಾಧಾರಣ ಕೇಬಲ್ಲಿನಲ್ಲಿ ವ್ಯತ್ಯಾಸ ಇರಲೂ ಇಲ್ಲ. ಆದರೆ 5 ಆಂಪಿಯರ್ ಹೊರುವ ಒಳ್ಳೆಯ ಕೇಬಲ್ಲುಗಳ ಪ್ಲಗ್ಗಿನೊಳಗೆ ಒಂದು ಗುರುತಿನ ಚಿಪ್ ಕೂತಿರುತ್ತದೆ. ಅದು ಬಳಸದೆ ಉಳಿದ ಎರಡನೆಯ ಸಿಸಿ ಪಿನ್ನಿನ ಮೇಲೆ ಸುಮಾರು 1 ಕಿಲೋಓಮ್ ತೋರಿಸುತ್ತದೆ. ಪೈ 4 ಎರಡನ್ನೂ ಬೆಸೆದುಬಿಟ್ಟಿದ್ದರಿಂದ ಈ ಒಂದು ಕಿಲೋಓಮ್ ಆ ಐದೂ ಚಿಲ್ಲರೆಗೆ ಸಮಾಂತರವಾಗಿ ಸೇರಿ ಸುಮಾರು 840 ಓಮ್ ಆಯಿತು. ಚಾರ್ಜರಿಗೆ ಎರಡು ಸಿಸಿಯಲ್ಲೂ ಅಷ್ಟು ಕಡಿಮೆ ರೋಧ ಕಂಡರೆ ನಿಯಮದ ಪ್ರಕಾರ ಅದರ ಅರ್ಥ "ಇದು ಹೆಡ್‌ಫೋನಿನ ಅಡಾಪ್ಟರ್". ಹೆಡ್‌ಫೋನಿಗೆ ಯಾರು ಕರೆಂಟು ಕೊಡುತ್ತಾರೆ? ಪೈ ಸುಮ್ಮನೆ ಕೂತಿತು. ದುಬಾರಿ ಕೇಬಲ್ಲಿನಲ್ಲಿ ಸತ್ತಂತಿರುವ ಬೋರ್ಡು ಅಗ್ಗದ ಕೇಬಲ್ಲಿನಲ್ಲಿ ಎದ್ದು ಕೂರುವ ವಿಚಿತ್ರ! ಪೈ ರೂಪಿಸಿದ ತಂಡದ ಮುಖ್ಯಸ್ಥ ಎಬೆನ್ ಅಪ್ಟನ್ ತಪ್ಪನ್ನು ಒಪ್ಪಿಕೊಂಡರು, ಮುಂದಿನ ಪರಿಷ್ಕೃತ ಬೋರ್ಡಿನಲ್ಲಿ ಸರಿಪಡಿಸಿದರು.

ಕೇಬಲ್ಲೂ ಸುಳ್ಳು ಹೇಳಬಲ್ಲದು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಸಿ ಇರುವ ಕೇಬಲ್ಲಿನೊಳಗೆ 56 ಕಿಲೋಓಮ್ ಇರಬೇಕು. ಕೆಲವರು 10 ಹಾಕಿದರು. ಅಂದರೆ ಅರ್ಧ ಆಂಪಿಯರಿನ ಹಳೆಯ ಸಾಕೆಟ್ಟಿನ ಪರವಾಗಿ "3 ಆಂಪಿಯರ್ ಎಳೆದುಕೋ" ಎಂದು ಮಾತು ಕೊಟ್ಟ ಹಾಗೆ. ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲಿಯಾಂಗ್ 2015ರಲ್ಲಿ ಇಂಥ ಕೇಬಲ್ಲುಗಳನ್ನು ಒಂದೊಂದಾಗಿ ಕೊಂಡು ಪರೀಕ್ಷಿಸಿ ಬರೆಯತೊಡಗಿದರು. ಮರುವರ್ಷ ತಂತಿಗಳನ್ನೇ ಅದಲುಬದಲು ಮಾಡಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನು ಸುಟ್ಟಿತು.

ರೆಸಿಸ್ಟರಿನ ಮಾತು 5 ವೋಲ್ಟಿಗೆ ಮುಗಿಯುತ್ತದೆ. ಲ್ಯಾಪ್‌ಟಾಪಿಗೆ 20 ವೋಲ್ಟ್ ಬೇಕೆಂದರೆ ಅದೇ ಸಿಸಿ ತಂತಿಯ ಮೇಲೆ ನಿಜವಾದ ಸಂಭಾಷಣೆ ಶುರುವಾಗುತ್ತದೆ, ಸೆಕೆಂಡಿಗೆ ಸುಮಾರು 3 ಲಕ್ಷ ಬಿಟ್‌ಗಳ ವೇಗದಲ್ಲಿ. ಪವರ್ ಡೆಲಿವರಿ ಚಿಪ್‌ಗಳ ಕೆಲಸವೇ ಇದು. ಹೋಟೆಲಿನಲ್ಲಿ ಕೂತ ಕೂಡಲೇ ಮಾಣಿ ಬಂದು ಒಂದೇ ಉಸಿರಿಗೆ "ಇಡ್ಲಿ, ವಡೆ, ಖಾಲಿ, ಮಸಾಲೆ, ಚೌಚೌ ಬಾತ್" ಎಂದು ಒಪ್ಪಿಸುತ್ತಾನಲ್ಲ, ಚಾರ್ಜರ್ ಹಾಗೆಯೇ ತನ್ನಲ್ಲಿರುವ ವೋಲ್ಟು, ಆಂಪಿಯರುಗಳ ಪಟ್ಟಿ ಒಪ್ಪಿಸುತ್ತದೆ. ಸಾಧನ "ನಾಲ್ಕನೆಯದು ಕೊಡು" ಎನ್ನುತ್ತದೆ. ಚಾರ್ಜರ್ "ಆಯಿತು" ಎಂದು ವೋಲ್ಟೇಜ್ ಏರಿಸಿ, ಏರಿದ ಮೇಲೆ "ತಯಾರು" ಎಂದು ಇನ್ನೊಮ್ಮೆ ಹೇಳುತ್ತದೆ. 2021ರ ಪರಿಷ್ಕರಣೆಯಿಂದ ಪಟ್ಟಿ 48 ವೋಲ್ಟ್, 240 ವಾಟ್‌ವರೆಗೂ ಹೋಗಬಹುದು.

ಕೇಳುವುದು ಪಟ್ಟಿಯ ಎಷ್ಟನೆಯದು ಎಂದು. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳುವ ದಾರಿಯೇ ಇಲ್ಲ. ಇದು ನನಗೆ ತಿಳಿದದ್ದು ರೂಟರಿನಿಂದ. ಮನೆಯ ವೈಫೈ ರೂಟರಿಗೆ 12 ವೋಲ್ಟ್ ಬೇಕಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಪುಟ್ಟ ಟ್ರಿಗರ್ ಬೋರ್ಡ್ (ಚಾರ್ಜರಿನಿಂದ ಬೇಕಾದ ವೋಲ್ಟ್ ಕೇಳಿ ಕೊಡಿಸುವಂಥದ್ದು) ತಂದು 12ಕ್ಕೆ ಹೊಂದಿಸಿದೆ, ನನ್ನ ಚಾರ್ಜರಿನಲ್ಲಿ ಸೊಗಸಾಗಿ ನಡೆಯಿತು. ಭಾವನ ಮನೆಗೂ ಒಂದು ಮಾಡಿಕೊಟ್ಟೆ. ಅಲ್ಲಿ ರೂಟರ್ ಏಳುವುದು, ಬೀಳುವುದು, ಮತ್ತೆ ಏಳುವುದು. ಅವರ ಚಾರ್ಜರ್ ನನ್ನದಕ್ಕಿಂತ ದೊಡ್ಡದು, 65 ವಾಟಿನದು. ಕಾರಣ ಚಾರ್ಜರಿನ ಮೈಮೇಲೆಯೇ ಸಣ್ಣಕ್ಷರದಲ್ಲಿ ಬರೆದಿತ್ತು: 5, 9, 15, 20. ಪಟ್ಟಿಯಲ್ಲಿ 12 ಇರಲೇಬೇಕೆಂಬ ಕಡ್ಡಾಯ ಇಲ್ಲ, ಕೊಟ್ಟರೆ ಅದು ಚಾರ್ಜರಿನವರ ಔದಾರ್ಯ. ಬೋರ್ಡು 9ಕ್ಕೆ ಇಳಿದು, ರೂಟರ್ ಅದರಲ್ಲಿ ಏದುಸಿರು ಬಿಡುತ್ತಿತ್ತು. 15 ಕೇಳಿ, ಅದನ್ನು ಇಳಿಸುವ ಸಣ್ಣ ಬಕ್ ಪರಿವರ್ತಕ ಸೇರಿಸಿದ ಮೇಲೆ ಭಾವನ ಫೋನು ಬರುವುದು ನಿಂತಿತು.

ಇನ್ನೊಮ್ಮೆ ಸ್ವಂತ ಬೋರ್ಡ್ ಮಾಡಲು ಹೊರಟು ಎಫ್‌ಯುಎಸ್‌ಬಿ302 ಚಿಪ್ ತೆಗೆದುಕೊಂಡೆ. ಇದು ಸಿಸಿ ತಂತಿಯ ಮೇಲಿನ ಮಾತನ್ನು ಕೇಳಿಸಿಕೊಂಡು ಹೇಳುತ್ತದೆ, ಅಷ್ಟೆ. ಏನು ಉತ್ತರ ಕೊಡಬೇಕೆಂದು ಯೋಚಿಸುವ ತಲೆ ಪಕ್ಕದ ಮೈಕ್ರೋಕಂಟ್ರೋಲರಿನದು, ಅಂದರೆ ನಾವು ಬರೆದ ಪ್ರೋಗ್ರಾಮ್ ನಡೆಸುವ ಚಿಪ್ಪಿನದು. ಎಷ್ಟು ತಿದ್ದಿದರೂ 9 ವೋಲ್ಟ್ ಬರಲಿಲ್ಲ. ಎಲ್‌ಇಡಿ ಹತ್ತುವುದು, ಆರುವುದು. ಏನಾಗುತ್ತಿದೆ ನೋಡೋಣವೆಂದು ಪ್ರತಿ ಸಂದೇಶವನ್ನೂ ಸೀರಿಯಲ್ ಪೋರ್ಟಿಗೆ, ಅಂದರೆ ಕಂಪ್ಯೂಟರಿನ ಪರದೆಗೆ ಅಕ್ಷರ ಕಳಿಸುವ ತಂತಿಗೆ, ಪ್ರಿಂಟ್ ಮಾಡಿಸಿದೆ. ಮೊದಲ ದಿನ ಪ್ರೋಗ್ರಾಮಿನಲ್ಲಿದ್ದ ತಪ್ಪು ಯಾವತ್ತೋ ಸರಿಹೋಗಿತ್ತು, ಆದರೂ ಬರಲಿಲ್ಲ. ಎರಡು ರಾತ್ರಿ ತಲೆ ಕೆರೆದುಕೊಂಡ ಮೇಲೆ ಲೆಕ್ಕ ಹಾಕಿದೆ. ಚಾರ್ಜರ್ ಪಟ್ಟಿ ಒಪ್ಪಿಸಿದ ಮೇಲೆ ಉತ್ತರಕ್ಕೆ ಕಾಯುವುದು ಸುಮಾರು 30 ಮಿಲಿಸೆಕೆಂಡ್ ಮಾತ್ರ. ಸೀರಿಯಲ್ ಪೋರ್ಟಿನ 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಅಷ್ಟು ಹೊತ್ತಿಗೆ ಹೋಗುವುದು ಮುನ್ನೂರೈವತ್ತಕ್ಕೂ ಕಡಿಮೆ ಅಕ್ಷರ. ನಾನು ಪಟ್ಟಿಯನ್ನು ಅಲಂಕಾರವಾಗಿ ಪ್ರಿಂಟ್ ಮಾಡಿ ಮುಗಿಸಿ ಬಾಯಿ ತೆರೆಯುವಷ್ಟರಲ್ಲಿ ಚಾರ್ಜರ್ ಬೇಸತ್ತು ಹಾರ್ಡ್ ರೀಸೆಟ್ ಹೊಡೆಯುತ್ತಿತ್ತು. ಹಾಗೆಂದರೆ ಪೂರ್ತಿ ಸೊನ್ನೆ ವೋಲ್ಟಿಗೆ ಇಳಿದು ಮತ್ತೆ ಮೊದಲಿನಿಂದ. ಬೋರ್ಡು ಅದೇ ಕರೆಂಟಿನಲ್ಲಿ ಬದುಕಿದ್ದರಿಂದ ಸತ್ತು ಹುಟ್ಟಿ ಮತ್ತೆ ಅದೇ ಅಲಂಕಾರ. ಕಳ್ಳನನ್ನು ಹಿಡಿಯಲು ಕೂರಿಸಿದ ಕಾವಲುಗಾರನೇ ಕಳ್ಳ. ಮೊದಲು ಉತ್ತರ, ಆಮೇಲೆ ಪ್ರಿಂಟ್ ಎಂದು ಎರಡು ಸಾಲು ಅದಲುಬದಲು ಮಾಡಿದೆ, ಮೀಟರಿನಲ್ಲಿ 9 ಬಂತು.

ಸಿಸಿ ತಂತಿಯ ಗದ್ದಲ ಶುದ್ಧ ಮಾಡುತ್ತೇನೆಂದು ಅಲ್ಲಿ 0.1 ಮೈಕ್ರೋಫ್ಯಾರಡ್, ಅಂದರೆ ಒಂದು ಲಕ್ಷ ಪೈಕೋಫ್ಯಾರಡ್ ಕೆಪಾಸಿಟರ್ ಹಾಕುವವರೂ ಇದ್ದಾರೆ. ಅಲ್ಲಿ ಇರಬಹುದಾದದ್ದು 200ರಿಂದ 600 ಪೈಕೋಫ್ಯಾರಡ್. ಹೆಚ್ಚಾದರೆ ಮಾತೇ ಮುಳುಗಿಹೋಗುತ್ತದೆ, 5 ವೋಲ್ಟ್ ಮಾತ್ರ ಏನೂ ಆಗದವರ ಹಾಗೆ ಬರುತ್ತಿರುತ್ತದೆ. ಇನ್ನು ಕನೆಕ್ಟರಿನಲ್ಲಿ ಸಿಸಿ ಪಿನ್ನಿನ ಪಕ್ಕದ ಮನೆ 20 ವೋಲ್ಟಿನದು, ನಡುವೆ ಅರ್ಧ ಮಿಲಿಮೀಟರ್ ಅಂತರ. ಪ್ಲಗ್ಗನ್ನು ಓರೆಯಾಗಿ ಕಿತ್ತರೆ ಎರಡೂ ತಾಗಬಹುದು. ಎಷ್ಟೋ ಚಿಪ್‌ಗಳ ಸಿಸಿ ಕಾಲು 6 ವೋಲ್ಟಿಗೇ ಸುಟ್ಟುಹೋಗುತ್ತದೆ. ಚಿಪ್ಪಿನ ವಿವರಪತ್ರವಾದ ಡೇಟಾಶೀಟಿನಲ್ಲಿ ನಾನು ಈಗ ಮೊದಲು ಹುಡುಕುವ ಸಾಲು ಅದೇ.

ರಾಯರ ಟಾರ್ಚಿಗೆ ಎರಡು 5.1 ಕಿಲೋಓಮ್ ಬೆಸುಗೆ ಹಾಕಿಕೊಟ್ಟೆ. ಮರುದಿನ ಬೆಳಿಗ್ಗೆಯೇ ವಾಪಸ್ ಬಂದರು. "ಒಂದ್ಸಲ ಆಗತ್ತೆ, ಒಂದ್ಸಲ ಆಗಲ್ಲ." ಪ್ಲಗ್ಗನ್ನು ತಿರುಗಿಸಿ ಹಾಕಿ ನೋಡಿದೆ. ಒಂದು ಮಗ್ಗುಲಿಗೆ 1.7 ವೋಲ್ಟ್, ಇನ್ನೊಂದು ಮಗ್ಗುಲಿಗೆ ಮೇಲೇರಿ ನಿಂತದ್ದು ಇಳಿಯಲೊಲ್ಲದು. ಎರಡನೆಯ ರೆಸಿಸ್ಟರಿನ ಒಂದು ತುದಿಗೆ ಬೆಸುಗೆ ಕಚ್ಚಿರಲೇ ಇಲ್ಲ. ಮತ್ತೆ ಕಾಯಿಸಿ ಕೂರಿಸಿದೆ, ಈಗ ಎರಡು ಕಡೆಯೂ 1.7. ರಾಯರು ಟಾರ್ಚ್ ಜೇಬಿಗೆ ಹಾಕಿಕೊಂಡು ಹೊರಟರು. ದೊಡ್ಡ ಚಾರ್ಜರ್ ಮೇಜಿನ ಮೇಲೇ ಉಳಿದಿತ್ತು. ಕರೆದು ಹೇಳಿದರೆ, "ಇರಲಿ ಬಿಡಿ, ಮಗ ಬಂದಾಗ ಕೊಡಿ. ನಂಗೆ ಆ ಡಬ್ಬಾನೇ ಅಭ್ಯಾಸ" ಎಂದರು.