ಸ್ವೀಡನ್ನಿನವರಷ್ಟೇ ತೆರಿಗೆ ಕಟ್ಟುತ್ತೇವೆ, ಅವರಿಗೆ ಸಿಗುವುದು ನಮಗೇಕೆ ಸಿಗುವುದಿಲ್ಲ?

ಪ್ರಶ್ನೆ: "ಸರ್, ನಾನು ಶೇ 30ರ ಸ್ಲ್ಯಾಬ್‌ನಲ್ಲಿದ್ದೇನೆ. ಸ್ವೀಡನ್‌ನಲ್ಲಿ ಶೇ 32ರ ಆಸುಪಾಸು ಇದೆಯೆಂದು ಓದಿದೆ. ಹೆಚ್ಚುಕಡಿಮೆ ಅಷ್ಟೇ ಕಟ್ಟಿಯೂ ಅವರಿಗೆ ಒಳ್ಳೆಯ ಶಾಲೆ, ಆಸ್ಪತ್ರೆ, ಪಿಂಚಣಿ. ನಮಗೆ ಗುಂಡಿ ಬಿದ್ದ ರಸ್ತೆ. ಇದು ಯಾವ ನ್ಯಾಯ?"

ಜುಲೈ ಬಂತೆಂದರೆ, ರಿಟರ್ನ್ಸ್ ಸಲ್ಲಿಸುವ ಗಡಿಬಿಡಿಯ ನಡುವೆ, ಈ ಪ್ರಶ್ನೆ ಬಂದೇ ಬರುತ್ತದೆ. ದೇಶದ ಹೆಸರು ಒಮ್ಮೊಮ್ಮೆ ಡೆನ್ಮಾರ್ಕ್ ಆಗಿರುತ್ತದೆ, ಒಮ್ಮೊಮ್ಮೆ ಇಂಗ್ಲೆಂಡ್. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿದೆ. ಒಮ್ಮೆ ಪೂರ್ತಿಯಾಗಿ ಬರೆದಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕೊಡುತ್ತೇನೆ.

ರಸ್ತೆಯ ಗುಂಡಿ, ಟ್ಯಾಂಕರ್ ನೀರು, ಮಕ್ಕಳ ಶಾಲೆಯ ಶುಲ್ಕ, ಇವೆಲ್ಲ ನನಗೂ ಗೊತ್ತು. ಆ ದೂರಿನಲ್ಲಿ ಹುರುಳಿದೆ. ಆದರೆ ಅದಕ್ಕೆ ನೀವು ಕೊಡುತ್ತಿರುವ ಲೆಕ್ಕ ತಪ್ಪು, ಬುಡದಲ್ಲೇ ತಪ್ಪು.

ಮೊದಲು "ನಾನು ಶೇ 30 ಕಟ್ಟುತ್ತೇನೆ" ಎನ್ನುವ ಮಾತನ್ನು ನೋಡೋಣ. ಮೂವತ್ತು ವರ್ಷಗಳಿಂದ ಬೇರೆಯವರ ರಿಟರ್ನ್ಸ್ ತುಂಬಿಕೊಡುತ್ತಿದ್ದೇನೆ. ಇಷ್ಟು ಗಟ್ಟಿಯಾಗಿ ಬೇರೂರಿದ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಕಂಡಿಲ್ಲ. ಎಂಜಿನಿಯರುಗಳು ಹೇಳುತ್ತಾರೆ, ವೈದ್ಯರು ಹೇಳುತ್ತಾರೆ, ಗಣಿತದ ಅಧ್ಯಾಪಕರೊಬ್ಬರೂ ಹೇಳಿದ್ದಾರೆ.

ಕಳೆದ ವರ್ಷ ಒಬ್ಬರು ಫಾರ್ಮ್ 16 (ಸಂಬಳ ಎಷ್ಟು, ತೆರಿಗೆ ಎಷ್ಟು ಎಂದು ಕಂಪನಿ ಕೊಡುವ ಪತ್ರ) ಹಿಡಿದುಕೊಂಡು ಬಂದಿದ್ದರು. ವರ್ಷಕ್ಕೆ 30 ಲಕ್ಷ ರೂಪಾಯಿ ಸಂಬಳ. ಕುಳಿತುಕೊಳ್ಳುವ ಮೊದಲೇ "ಹತ್ತು ಲಕ್ಷ ಸರ್ಕಾರಕ್ಕೇ ಹೋಯಿತು" ಎಂದರು. ನಾನು ಕಾಗದ ತೆಗೆದುಕೊಂಡು 2025-26ನೇ ಸಾಲಿನ ಹೊಸ ತೆರಿಗೆ ಪದ್ಧತಿಯಲ್ಲಿ ಸಾಲುಸಾಲಾಗಿ ಬರೆದೆ. 30 ಲಕ್ಷದಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗುವ ಕಡಿತ) ಕಳೆಯಿರಿ, ಉಳಿಯುವುದು 29.25 ಲಕ್ಷ. ಅದರಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ 5, ಅಂದರೆ 20,000. ಅದರ ಮುಂದಿನ 4 ಲಕ್ಷಕ್ಕೆ ಶೇ 10, ಅಂದರೆ 40,000. ಹೀಗೆಯೇ 12ರಿಂದ 16 ಲಕ್ಷದವರೆಗೆ 60,000, 16ರಿಂದ 20ರವರೆಗೆ 80,000, 20ರಿಂದ 24ರವರೆಗೆ ಒಂದು ಲಕ್ಷ. ಇಲ್ಲಿಗೆ 3 ಲಕ್ಷ ಆಯಿತು. ಶೇ 30 ಎಂಬ ದರ ಕಾಲಿಡುವುದು 24 ಲಕ್ಷ ದಾಟಿದ ಮೇಲೆ, ಅದೂ ಮಿಕ್ಕ 5.25 ಲಕ್ಷಕ್ಕೆ ಮಾತ್ರ: 1,57,500. ಒಟ್ಟು 4,57,500. ಈ ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ಕರ, ಶೇ 4ರ ಸೆಸ್, ಸೇರಿಸಿದರೆ 4,75,800.

"ಈಗ ನಿಮ್ಮ ಮೊಬೈಲ್‌ನಲ್ಲಿ 4,75,800ನ್ನು 30 ಲಕ್ಷದಿಂದ ಭಾಗಿಸಿ" ಎಂದೆ. ಭಾಗಿಸಿದರು. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಭಾಗಿಸಿದರು. ಶೇ 15.86. ತಮ್ಮದೇ ಸಂಬಳದ ಮೇಲೆ ತಾವು ಕಟ್ಟುವ ತೆರಿಗೆಯನ್ನು ಅವರು ಇಷ್ಟು ವರ್ಷ ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ ಹೇಳಿಕೊಂಡು ಬಂದಿದ್ದರು. ಅವರ ತಮ್ಮನ ಸಂಬಳ 18 ಲಕ್ಷ. ಅವರ ಲೆಕ್ಕವನ್ನೂ ಅಲ್ಲೇ ಮಾಡಿದೆವು: ಸೆಸ್ ಸೇರಿ 1,50,800 ರೂಪಾಯಿ, ಅಂದರೆ ಶೇ 8.4.

ಸ್ಲ್ಯಾಬ್ ಎಂದರೆ ನಮ್ಮ ಹಳೆಯ ಕೆರೆಗಳ ಸರಣಿಯ ಹಾಗೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರಷ್ಟೇ ಕೆಳಗಿನ ಕೆರೆಗೆ ಇಳಿಯುತ್ತದೆ. ಮೇಲಿನ ಕೆರೆಯಲ್ಲಿ ನಿಂತ ನೀರು ಅಲ್ಲೇ ನಿಲ್ಲುತ್ತದೆ. ನಿಮ್ಮ ಕೊನೆಯ ಐದು ಲಕ್ಷ ಶೇ 30ರ ಕೆರೆಗೆ ಬಿತ್ತು ಎಂದ ಮಾತ್ರಕ್ಕೆ ಮೊದಲಿನ ಇಪ್ಪತ್ತನಾಲ್ಕು ಲಕ್ಷ ಹರಿದು ಬಂದು ಅದನ್ನು ಸೇರುವುದಿಲ್ಲ. ಇಷ್ಟು ಸರಳವಾದ ಸಂಗತಿಯನ್ನು ಶಾಲೆಯಲ್ಲಿ ಒಂದು ತರಗತಿ ಹೇಳಿಕೊಟ್ಟಿದ್ದರೆ ಎಷ್ಟೋ ಜನರ ಕೊರಗು ತಪ್ಪುತ್ತಿತ್ತು. ಸಂಬಳ ಹೆಚ್ಚಿಸುತ್ತೇವೆಂದರೆ "ಸ್ಲ್ಯಾಬ್ ಬದಲಾಗುತ್ತದೆ, ಬೇಡ" ಎಂದವರನ್ನು ನಾನು ಕಂಡಿದ್ದೇನೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲೊಂದು ಉಪಪ್ರಶ್ನೆ ಏಳುತ್ತದೆ. ತೆರಿಗೆಗೆ ಒಳಪಡುವ ಆದಾಯ 12 ಲಕ್ಷದವರೆಗೆ ಇದ್ದರೆ ತೆರಿಗೆಯನ್ನು ಮನ್ನಾ ಮಾಡುವ ರಿಬೇಟ್‌ನಿಂದ ತೆರಿಗೆ ಸೊನ್ನೆ. ಹತ್ತು ಸಾವಿರ ಹೆಚ್ಚಾದರೆ ಒಮ್ಮೆಲೇ 60,000ಕ್ಕೂ ಹೆಚ್ಚು ಕಟ್ಟಬೇಕಲ್ಲ ಎಂಬುದು. ಕಟ್ಟಬೇಕಿಲ್ಲ. ಆ ಅಂಚಿನಲ್ಲಿರುವವರಿಗೆ ವಿಶೇಷ ರಿಯಾಯಿತಿ ಇದೆ: 12 ಲಕ್ಷದ ಮೇಲೆ ಎಷ್ಟು ಹೆಚ್ಚಾಯಿತೋ ಅದಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ. ಆದಾಯ 12,10,000 ಆದರೆ ತೆರಿಗೆ 10,000 ರೂಪಾಯಿ ಮತ್ತು ಅದರ ಮೇಲಿನ ಸೆಸ್, ಅಷ್ಟೇ.

ಈಗ ಸ್ವೀಡನ್‌ಗೆ ಬರೋಣ. ಅಲ್ಲಿಯ ಶೇ 32 ಎಂಬುದೂ ನೀವು ತಿಳಿದಂತಿಲ್ಲ. ಅದು ಸ್ಥಳೀಯ ಆಡಳಿತಗಳು ವಿಧಿಸುವ ಆದಾಯ ತೆರಿಗೆಯ ದೇಶದ ಸರಾಸರಿ ದರ. ದೊಡ್ಡ ಸಂಬಳದವರಿಗೆ ಒಂದು ಮಿತಿಯ ಮೇಲಿನ ಆದಾಯಕ್ಕೆ ಇನ್ನೂ ಶೇ 20 ರಾಷ್ಟ್ರೀಯ ತೆರಿಗೆ ಬೀಳುತ್ತದೆ. ಇನ್ನೊಂದೆಡೆ ದುಡಿದು ಗಳಿಸಿದ ಆದಾಯಕ್ಕೆ ಗಣನೀಯ ವಿನಾಯಿತಿಯೂ ಇದೆ. ನನ್ನ ತಂಗಿಯ ಮಗಳು ಗೋಥೆನ್‌ಬರ್ಗ್‌ನಲ್ಲಿದ್ದಾಳೆ. ಅವಳ ವೇತನ ಚೀಟಿಯನ್ನು ಸಾಲುಸಾಲಾಗಿ ಓದಿಸಿಕೊಂಡಿದ್ದೇನೆ. ತಿಂಗಳಿಗೆ 40,000 ಕ್ರೋನರ್ (ಸ್ವೀಡನ್ನಿನ ಹಣ), ಅಲ್ಲಿ ಇದು ಮಧ್ಯಮ ಸಂಬಳ. ಕೈಗೆ ಬರುವುದು 31,000ದ ಆಸುಪಾಸು. ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕಡಿತವಾಯಿತು. "ಸ್ವೀಡನ್‌ನಲ್ಲಿ ಅರ್ಧ ಸಂಬಳ ಸರ್ಕಾರಕ್ಕೆ" ಎನ್ನುವವರಿಗೂ ಇಲ್ಲೇ ಉತ್ತರವಿದೆ.

ಆದರೆ ಚೀಟಿ ಇಲ್ಲಿಗೆ ಮುಗಿದರೂ ಲೆಕ್ಕ ಮುಗಿಯಲಿಲ್ಲ. ಅವಳ ಸಂಬಳದ ಮೇಲೆ ಕಂಪನಿ ತನ್ನ ಕೈಯಿಂದ ಶೇ 31.42ರಷ್ಟನ್ನು, ಅಂದರೆ 12,568 ಕ್ರೋನರನ್ನು, ಪ್ರತ್ಯೇಕವಾಗಿ ಸರ್ಕಾರಕ್ಕೆ ಕಟ್ಟುತ್ತದೆ. ಪಿಂಚಣಿ, ಕಾಯಿಲೆ ರಜೆಯ ಭತ್ಯೆ, ಹೆರಿಗೆ ಮತ್ತು ಮಗುವಿನ ಆರೈಕೆಯ ರಜೆ, ಇವುಗಳಿಗೆಲ್ಲ ಬೇರು ಅದೇ. ಕಂಪನಿ ಅವಳಿಗಾಗಿ ತೆಗೆದಿಡುವ ಒಟ್ಟು 52,568ರಲ್ಲಿ ಅವಳ ಕೈಗೆ ಬರುವುದು 31,000. ಮಿಕ್ಕ ಶೇ 41 ಸರ್ಕಾರಕ್ಕೆ. ಅದಾದ ಮೇಲೆ ಅಂಗಡಿಗೆ ಹೋದರೆ ಬಹುತೇಕ ಸಾಮಾನುಗಳ ಮೇಲೆ ಶೇ 25 ವ್ಯಾಟ್. ನಮ್ಮಲ್ಲಿ ಕಂಪನಿ ಕಟ್ಟುವ ಭವಿಷ್ಯ ನಿಧಿಯನ್ನು ಇದರ ಜೊತೆ ಹೋಲಿಸಬೇಡಿ. ಪಿಂಚಣಿ ನಿಧಿಗೆ ಹೋಗುವ ಒಂದು ಪಾಲು ಬಿಟ್ಟರೆ, ಅದು ನಿಮ್ಮ ಹೆಸರಿನ ಖಾತೆಯಲ್ಲಿ ಕೂರುವ ನಿಮ್ಮದೇ ಹಣ.

ಮುಖ್ಯವಾಗಿ ಗಮನಿಸಬೇಕಾದ್ದು ಇದು: ಅವಳು ಶ್ರೀಮಂತಳಲ್ಲ. ಅಲ್ಲಿ ಬಸ್ ಓಡಿಸುವವರೂ, ಆಸ್ಪತ್ರೆ ಸ್ವಚ್ಛಗೊಳಿಸುವವರೂ ಇದೇ ರೀತಿಯಲ್ಲಿ ಕಟ್ಟುತ್ತಾರೆ. ನಮ್ಮಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲ. ದೇಶದ ತಲಾ ಆದಾಯ ವರ್ಷಕ್ಕೆ 2 ಲಕ್ಷ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಅಂದರೆ ಸರಾಸರಿ ಭಾರತೀಯನ ಆರು ಪಟ್ಟು ದುಡಿಯುವವರೂ ಈ ತೆರಿಗೆಯ ಹೊರಗಿದ್ದಾರೆ. ಸ್ವೀಡನ್ ತನ್ನ ಕಲ್ಯಾಣ ವ್ಯವಸ್ಥೆಯನ್ನು ಶ್ರೀಮಂತರ ಹಣದಿಂದ ನಡೆಸುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ಆನುವಂಶಿಕ ಆಸ್ತಿಯ ಮೇಲಿನ ತೆರಿಗೆಯನ್ನು ಅದು 2004ರಲ್ಲಿ, ಸಂಪತ್ತಿನ ತೆರಿಗೆಯನ್ನು 2007ರಲ್ಲಿ ತೆಗೆದುಹಾಕಿತು. ಕಂಪನಿಗಳ ಲಾಭದ ಮೇಲಿನ ತೆರಿಗೆ ಅಲ್ಲಿ ಶೇ 20.6, ನಮಗಿಂತ ಕಡಿಮೆ. ಅಲ್ಲಿಯ ಬೊಕ್ಕಸ ತುಂಬುವುದು ಸಾಮಾನ್ಯ ದುಡಿಮೆಗಾರರಿಂದ, ಎಲ್ಲರಿಂದ.

"ಆದಾಯ ತೆರಿಗೆ ಬಿಡಿ, ಪೆಟ್ರೋಲ್, ಜಿಎಸ್‌ಟಿ ಇಲ್ಲವೇ?" ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಹಾಗಾದರೆ ಎಲ್ಲವನ್ನೂ ಕೂಡಿಸೋಣ. ಕೇಂದ್ರ, ರಾಜ್ಯಗಳ ಎಲ್ಲ ತೆರಿಗೆಗಳು, ಪೆಟ್ರೋಲ್, ಮದ್ಯ, ಮುದ್ರಾಂಕ ಶುಲ್ಕ ಸಮೇತ, ಜಿಡಿಪಿಯ ಶೇ 17ರಿಂದ 18. ಸ್ವೀಡನ್‌ನಲ್ಲಿ ಎಲ್ಲ ಸೇರಿ ಸುಮಾರು ಶೇ 41. ಇದು ಪ್ರಮಾಣದ ಮಾತು. ತಲೆಗೆ ಎಷ್ಟು ಎಂದು ನೋಡಿದರೆ ಅಂತರ ಇನ್ನೂ ದೊಡ್ಡದು. ನಮ್ಮ ತಲಾ ಜಿಡಿಪಿ ಸುಮಾರು 2,700 ಡಾಲರ್, ಅವರದು 57,000 ಡಾಲರ್‌ನ ಆಸುಪಾಸು. ಒಬ್ಬ ಭಾರತೀಯನ ಹೆಸರಿನಲ್ಲಿ ವರ್ಷಕ್ಕೆ ಎಲ್ಲ ಸರ್ಕಾರಗಳಿಗೂ ಸೇರಿ ಬರುವ ತೆರಿಗೆ ಐನೂರು ಡಾಲರ್ ಮುಟ್ಟುವುದಿಲ್ಲ. ಸ್ವೀಡನ್ನಿನ ಒಬ್ಬರ ಹೆಸರಿನಲ್ಲಿ 23,000 ಡಾಲರ್ ದಾಟುತ್ತದೆ. ಸುಮಾರು ಐವತ್ತು ಪಟ್ಟು. ನಮ್ಮಲ್ಲಿ ಸಂಬಳ, ಸಾಮಗ್ರಿ ಅಗ್ಗ ಎಂದು ಲೆಕ್ಕವನ್ನು ಸರಿಹೊಂದಿಸಿದರೂ ಹದಿನೈದು ಪಟ್ಟಿನ ಅಂತರ ಉಳಿಯುತ್ತದೆ. ನಾಳೆಯೇ ನಾವು ಸ್ವೀಡನ್ನಿನ ದರದಲ್ಲಿ ತೆರಿಗೆ ವಸೂಲಿ ಮಾಡಿದೆವು ಎಂದುಕೊಳ್ಳಿ. ಆಗಲೂ ತಲೆಗೆ 1,100 ಡಾಲರ್ ಚಿಲ್ಲರೆ ಬರುತ್ತದೆ. ಆ ಹಣದಲ್ಲಿ ಅವರ ಆಸ್ಪತ್ರೆ ಕಟ್ಟಲಾಗುವುದಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಪುಕ್ಕಟೆಯೂ ಅಲ್ಲ. ವೈದ್ಯರ ಬಳಿ ಹೋದರೆ ಶುಲ್ಕವಿದೆ. 2025ರಲ್ಲಿ ಹನ್ನೆರಡು ತಿಂಗಳಲ್ಲಿ 1,450 ಕ್ರೋನರ್ ಮುಟ್ಟಿದ ಮೇಲೆ ಮುಂದಿನ ಭೇಟಿಗಳಿಗೆ ಶುಲ್ಕವಿಲ್ಲ. ತಜ್ಞರನ್ನು ಕಾಣಲು 90 ದಿನಗಳೊಳಗೆ ಅವಕಾಶ ಕೊಡಬೇಕೆಂಬ ನಿಯಮವಿದೆ, ಅದೂ ಎಷ್ಟೋ ಸಲ ಮೀರುತ್ತದೆ. ವಯಸ್ಕರ ಹಲ್ಲಿನ ಚಿಕಿತ್ಸೆಯ ಬಹುಪಾಲು ಸ್ವಂತ ಜೇಬಿನದು. ಆದರೆ ಕಾಯಿಲೆ ಬಿದ್ದವರು ಮನೆ ಮಾರುವ ಸ್ಥಿತಿ ಬರುವುದಿಲ್ಲ. ನಮ್ಮಲ್ಲಿ 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4 ಜನರ ಜೇಬಿನಿಂದಲೇ ನೇರವಾಗಿ ಹೋಯಿತು. ಸರ್ಕಾರಗಳ ಪಾಲು ಜಿಡಿಪಿಯ ಶೇ 1.84. ಇದನ್ನು ಶೇ 2.5ಕ್ಕೆ ಏರಿಸುತ್ತೇವೆ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ನಿಮಗೆ ಸಿಟ್ಟು ಬರಬೇಕಾದ ಅಂಕಿ ಇದು. ಇದನ್ನು ಹಿಡಿದು ಕೇಳಿ, ನಾನೂ ಜೊತೆಗೆ ನಿಲ್ಲುತ್ತೇನೆ. ಸುಳ್ಳು ಶೇ 30 ಹಿಡಿದು ಕೇಳಿದರೆ ಲೆಕ್ಕ ಬಲ್ಲ ಮೊದಲ ಅಧಿಕಾರಿಯೇ ನಿಮ್ಮ ಬಾಯಿ ಮುಚ್ಚಿಸುತ್ತಾನೆ.

ಇನ್ನೊಂದು ವಿಷಯವಿದೆ. ನೀವು ಕೇಳಿಲ್ಲ, ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಇದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಕಟ್ಟಿದ ತೆರಿಗೆ ಯಾರ ಕೈಗೆ ಹೋಗುತ್ತದೆ?

ಗೋಥೆನ್‌ಬರ್ಗ್‌ನ ಹುಡುಗಿಯ ಆದಾಯ ತೆರಿಗೆ ಹೋಗುವುದು ಅವಳ ನಗರಾಡಳಿತಕ್ಕೆ ಮತ್ತು ಪ್ರಾಂತ್ಯಕ್ಕೆ. ಸ್ವೀಡನ್‌ನಲ್ಲಿ 290 ಸ್ಥಳೀಯ ಆಡಳಿತಗಳಿವೆ. ಶಾಲೆ, ಶಿಶುವಿಹಾರ, ವೃದ್ಧರ ಆರೈಕೆ ಅವುಗಳ ಹೊಣೆ. 21 ಪ್ರಾಂತ್ಯಗಳಿವೆ, ಆಸ್ಪತ್ರೆಗಳು ಅವುಗಳ ಹೊಣೆ. ದರವನ್ನು ನಿರ್ಧರಿಸುವುದೂ ಇವೇ. ಹಾಗಾಗಿ ಪಕ್ಕದ ಊರಿನ ದರವೂ ತಮ್ಮ ಊರಿನ ದರವೂ ಬೇರೆ. ಮಗುವಿನ ತರಗತಿಯಲ್ಲಿ ಶಿಕ್ಷಕರು ಸಾಲದಾದರೆ ಯಾರನ್ನು ಕೇಳಬೇಕೆಂದು ಅವಳಿಗೆ ಗೊತ್ತು. ದರ ಏರಿಸಿದವರೂ ಅವರೇ, ಶಾಲೆ ನಡೆಸುವವರೂ ಅವರೇ, ನಾಲ್ಕು ವರ್ಷಕ್ಕೊಮ್ಮೆ ಮತ ಕೇಳಲು ಬರುವವರೂ ಅವರೇ.

ನಮ್ಮಲ್ಲಿ ಆ 30 ಲಕ್ಷ ಸಂಬಳದ ಮೇಲಿನ 4,75,800 ರೂಪಾಯಿ ದೆಹಲಿಗೆ ಹೋಗುತ್ತದೆ. ಸೆಸ್ ಮತ್ತು ಸರ್ಚಾರ್ಜ್ (ದೊಡ್ಡ ಆದಾಯದವರ ತೆರಿಗೆಯ ಮೇಲಿನ ಹೆಚ್ಚುವರಿ ಕರ) ಬಿಟ್ಟು ಮಿಕ್ಕ ಹಂಚಿಕೆಯ ಮೊತ್ತದಲ್ಲಿ ಶೇ 41 ಎಲ್ಲ ರಾಜ್ಯಗಳಿಗೂ ಸೇರಿ ಹಿಂದಿರುಗುತ್ತದೆ, ಅದೂ ಹಣಕಾಸು ಆಯೋಗದ ಸೂತ್ರದಂತೆ. ಆಸ್ಪತ್ರೆ ಮತ್ತು ಪೊಲೀಸ್ ರಾಜ್ಯದ ವಿಷಯ. ನೀವು ದೂರುವ ಗುಂಡಿ, ಕಸ, ಬೀದಿದೀಪ ನಗರಸಭೆಯ ವಿಷಯ. ನಗರಾಡಳಿತಗಳಿಗೆ ಅಧಿಕಾರ ಕೊಡಬೇಕೆಂದು ಸಂವಿಧಾನಕ್ಕೆ 74ನೇ ತಿದ್ದುಪಡಿ ಆದದ್ದು 1992ರಲ್ಲಿ. ಇಂದಿಗೂ ದೇಶದ ಎಲ್ಲ ನಗರಾಡಳಿತಗಳ ಆದಾಯ ಸೇರಿಸಿದರೂ ಜಿಡಿಪಿಯ ಶೇ 1 ಆಗುವುದಿಲ್ಲ. ಸ್ವೀಡನ್‌ನಲ್ಲಿ ಒಟ್ಟು ಸಾರ್ವಜನಿಕ ವೆಚ್ಚದ ಅರ್ಧದಷ್ಟು ಸ್ಥಳೀಯ ಆಡಳಿತಗಳ ಮತ್ತು ಪ್ರಾಂತ್ಯಗಳ ಕೈಯಲ್ಲೇ ಖರ್ಚಾಗುತ್ತದೆ. ನಿಮ್ಮ ಆದಾಯ ತೆರಿಗೆಗೂ ನಿಮ್ಮ ಬೀದಿಯ ಗುಂಡಿಗೂ ನಡುವೆ ಮೂರು ಕಚೇರಿಗಳ ದೂರವಿದೆ. ಹೊಣೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಅಷ್ಟು ದೂರ ಧಾರಾಳವಾಗಿ ಸಾಕು.

ಆ 30 ಲಕ್ಷ ಸಂಬಳದವರು ಹೊರಡುವ ಮುನ್ನ ಒಂದು ಮಾತು ಕೇಳಿದ್ದೆ: "ಮನೆಯ ಆಸ್ತಿ ತೆರಿಗೆ ವರ್ಷಕ್ಕೆ ಎಷ್ಟು ಕಟ್ಟುತ್ತೀರಿ?" ಅವರಿಗೆ ನೆನಪಿರಲಿಲ್ಲ. ಮನೆಗೆ ಫೋನ್ ಮಾಡಿ ರಸೀದಿ ಹುಡುಕಿಸಿದರು. ಸುಮಾರು ಹನ್ನೊಂದು ಸಾವಿರ ರೂಪಾಯಿ. ಅವರ ಬೀದಿಯ ರಸ್ತೆ, ಚರಂಡಿ, ದೀಪಗಳಿಗೆ ಅವರ ಕೈಯಿಂದ ನೇರವಾಗಿ ಹೋಗುವ ತೆರಿಗೆ ಅದೊಂದೇ. ಆ ರಸೀದಿಯ ಮೇಲೆ ವಾರ್ಡಿನ ಸಂಖ್ಯೆಯೂ ಇತ್ತು. ಅವರು ಅದನ್ನು ಫಾರ್ಮ್ 16ರ ಹಿಂಬದಿಯಲ್ಲಿ ಬರೆದುಕೊಂಡು ಹೋದರು.