ಮುಟ್ಟು ನಿಲ್ಲುವ ಹೊತ್ತಿನ ಬಿಸಿ, ಬೆವರು: ಸಹಿಸಿಕೊಳ್ಳಬೇಕಾ, ಔಷಧಿ ಮಾಡಬೇಕಾ?

ಪ್ರಶ್ನೆ: ಅಕ್ಕಾ, ನನಗೀಗ 47. ತೀರ್ಥಹಳ್ಳಿ ಹತ್ತಿರ ನಮ್ಮದು ತೋಟದ ಮನೆ. ಒಂದು ವರ್ಷದಿಂದ ಮುಟ್ಟು ಲೆಕ್ಕವಿಲ್ಲದ ಹಾಗೆ ಬರುತ್ತಿದೆ. ಇದ್ದಕ್ಕಿದ್ದ ಹಾಗೆ ಎದೆಯಿಂದ ಮುಖದವರೆಗೆ ಬಿಸಿ ಏರುತ್ತದೆ, ಬೆವರು ಇಳಿಯುತ್ತದೆ. ರಾತ್ರಿ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಅತ್ತೆ "ನಮಗೆಲ್ಲ ಆಗಿಲ್ವಾ, ತಾನಾಗೇ ಹೋಗುತ್ತೆ" ಅಂತಾರೆ. ಪಕ್ಕದ ಮನೆಯವರು "ಗರ್ಭಕೋಶ ತೆಗೆಸಿಬಿಡು, ನಿಶ್ಚಿಂತೆ" ಅಂತಾರೆ. ನಾನೇನು ಮಾಡಲಿ?

ಉತ್ತರ: ಊರು, ವಯಸ್ಸು ಬೇರೆ ಇರಬಹುದು, ಈ ಪ್ರಶ್ನೆ ಮಾತ್ರ ಸಾಗರ, ಹೊಸನಗರದ ಕಡೆಯಿಂದ, ಶಿವಮೊಗ್ಗ ಪೇಟೆಯಿಂದಲೂ ಬರುತ್ತಲೇ ಇರುತ್ತದೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಅತ್ತೆ ಹೇಳಿದ್ದರಲ್ಲಿ ಅರ್ಧ ನಿಜ. ಇದು ಕಾಯಿಲೆ ಅಲ್ಲ, ಹೆಚ್ಚಿನವರಿಗೆ ಬರಬರುತ್ತಾ ಕಡಿಮೆ ಆಗುತ್ತದೆ. ಆದರೆ ಎಷ್ಟು ದಿನಕ್ಕೆ? ಅಮೆರಿಕದಲ್ಲಿ ಸಾವಿರಾರು ಹೆಂಗಸರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದ ಒಂದು ದೊಡ್ಡ ಅಧ್ಯಯನ ಇದೆ. ಪದೇ ಪದೇ ಬಿಸಿ ಏರುವವರಲ್ಲಿ ಅರ್ಧದಷ್ಟು ಜನರಿಗೆ ಅದು ಏಳು ವರ್ಷಕ್ಕೂ ಜಾಸ್ತಿ ಇತ್ತು. ಏಳು ವರ್ಷ ನಿದ್ದೆಗೆಟ್ಟುಕೊಂಡು ಮನೆ, ತೋಟ, ಕೊಟ್ಟಿಗೆ ಎಲ್ಲ ನೋಡಿಕೊಳ್ಳಿ ಅಂತ ಯಾರಿಗೂ ಹೇಳಬಾರದು. ಇದಕ್ಕೆ ಚಿಕಿತ್ಸೆ ಇದೆ, ಕೇಳಿ ಪಡೆಯಿರಿ. ಪಕ್ಕದ ಮನೆಯವರ ಸಲಹೆಯನ್ನು ಮಾತ್ರ ಬಿಟ್ಟುಬಿಡಿ. ಬಿಸಿ, ಬೆವರಿಗೆ ಗರ್ಭಕೋಶ ಕಾರಣವೇ ಅಲ್ಲ.

ಹಾಗಾದರೆ ಕಾರಣ ಯಾವುದು? ವಯಸ್ಸು ನಲವತ್ತು ದಾಟಿದ ಮೇಲೆ ಅಂಡಾಶಯದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮೆ ಆಗುತ್ತಾ ಕೊನೆಗೆ ತೀರಾ ಇಳಿದುಹೋಗುತ್ತದೆ. ಮೈಯ ಬಿಸಿಯನ್ನು ಹದದಲ್ಲಿ ಇಡುವ ಜಾಗ ಮೆದುಳಿನಲ್ಲಿದೆ. ಈಸ್ಟ್ರೋಜನ್ ಇಳಿದಾಗ ಆ ಜಾಗ ಅತಿ ಸೂಕ್ಷ್ಮ ಆಗುತ್ತದೆ. ಮೈ ಒಂದು ಚೂರು ಬೆಚ್ಚಗಾದರೂ ಸಾಕು, ದೊಡ್ಡ ಸೆಕೆ ಬಂತು ಅಂದುಕೊಂಡು ರಕ್ತವನ್ನೆಲ್ಲ ಚರ್ಮದ ಕಡೆಗೆ ಕಳಿಸುತ್ತದೆ, ಬೆವರು ಬಿಡಿಸುತ್ತದೆ. ಒಂದರಿಂದ ಐದು ನಿಮಿಷದಲ್ಲಿ ಇಳಿಯುತ್ತದೆ, ಆಮೇಲೆ ಚಳಿ ಹತ್ತಿದ ಹಾಗಾಗುತ್ತದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47, ಪಾಶ್ಚಾತ್ಯ ದೇಶಗಳಲ್ಲಿ 51ರ ಆಸುಪಾಸು. ಹಾಗಾಗಿ ನಿಮ್ಮದು ಸರಿಯಾದ ವಯಸ್ಸೇ. ಪೂರ್ತಿ ಹನ್ನೆರಡು ತಿಂಗಳು ಮುಟ್ಟು ಬರದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ಅಲ್ಲಿಯವರೆಗೆ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ, ಇದನ್ನೂ ನೆನಪಲ್ಲಿಡಿ. 45ರ ಒಳಗೇ ನಿಂತರೆ, ಅದರಲ್ಲೂ 40ರ ಒಳಗೆ ನಿಂತರೆ, ಡಾಕ್ಟರಿಗೆ ತೋರಿಸಲೇಬೇಕು. ಅಂಥವರಿಗೆ ಮೂಳೆ, ಹೃದಯದ ತೊಂದರೆ ಬೇಗ ಬರಬಹುದು.

ಮಲೆನಾಡಲ್ಲಿ ಈ ಬಿಸಿ ಜಾಸ್ತಿ ಕಾಡುವುದು ಅಡಿಕೆ ಸುಗ್ಗಿಯಲ್ಲಿ. ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಒಲೆಯ ಕಾವು ಮುಖಕ್ಕೇ ಹೊಡೆಯುತ್ತದೆ. ರಾತ್ರಿ ಹತ್ತಾದರೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿರುತ್ತೀರಿ, ಮಧ್ಯೆ ನಿದ್ದೆ ತಡೆಯಲು ಎರಡು ಸಲ ಬಿಸಿ ಬಿಸಿ ಕಾಫಿ. ಒಲೆಯ ಕಾವು, ಬಿಸಿ ಪಾನೀಯ, ಖಾರ, ನಿದ್ದೆಗೇಡು ಎಲ್ಲವೂ ಬಿಸಿ ಏರಿಸುವಂಥವೇ. ಅಡಿಕೆ ಕೆಲಸ ಬಿಡಿ ಅಂತ ಹೇಳಲು ಆಗುವುದಿಲ್ಲ. ಒಲೆಯ ಮುಂದಿನ ಪಾಳಿಯನ್ನು ಮನೆಯ ಬೇರೆಯವರಿಗೆ ಕೊಡಿ. ಅದು ನಿಮ್ಮೊಬ್ಬರ ಕೆಲಸ ಅಲ್ವಲ್ಲ. ಸುಲಿಯುವಾಗ ಬಿಸಿ ಏರಿತು ಅನ್ನಿಸಿದ ಕೂಡಲೇ ಕೈಯನ್ನು ಕತ್ತಿಯಿಂದ ದೂರ ತೆಗೆಯಿರಿ. ಬೆವರಿದ ಬೆರಳು ಜಾರಿದರೆ ಕತ್ತಿ ಯಾರನ್ನೂ ನೋಡುವುದಿಲ್ಲ. ಎದ್ದು ಜಗಲಿಗೆ ಬಂದು ಎರಡು ನಿಮಿಷ ನಿಧಾನಕ್ಕೆ ಉಸಿರೆಳೆದು ಬಿಡಿ, ಮುಖ ತೊಳೆಯಿರಿ. ರಾತ್ರಿ ಒಂದೇ ದಪ್ಪ ಕಂಬಳಿಯ ಬದಲು ಎರಡು ತೆಳು ಹೊದಿಕೆ ಇಟ್ಟುಕೊಂಡರೆ ಒಂದನ್ನು ಸರಿಸಿ ಮಲಗಬಹುದು. ಕಾಟನ್ ಬಟ್ಟೆ, ಹಾಸಿಗೆ ಪಕ್ಕ ಒಂದು ಟವೆಲ್, ಒಂದು ಚೊಂಬು ನೀರು. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ಬಿಸಿ ಜಾಸ್ತಿ ಕಾಡಿದ ದಿನ ಗುರುತು ಹಾಕಿ. ಎರಡು ತಿಂಗಳಲ್ಲಿ ನಿಮಗೆ ಯಾವುದು ಆಗುವುದಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಇನ್ನು ಉಷ್ಣ-ತಂಪಿನ ವಿಷಯ. ಮೈ ಬಿಸಿ ಆಗುತ್ತದೆ ಅಂದ ತಕ್ಷಣ ಮನೆಯಲ್ಲಿ ಮೊದಲು ಬಿಡಿಸುವುದು ಎಳ್ಳನ್ನು, "ಅದು ಉಷ್ಣ" ಅಂತ. ಈ ಬಿಸಿ ಏರುವುದು ಹಾರ್ಮೋನಿನ ಏರುಪೇರಿನಿಂದ, ಎಳ್ಳಿನಿಂದ ಅಲ್ಲ. ಈ ವಯಸ್ಸಿಗೆ ಬೇಕಾದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಎಳ್ಳಿನಲ್ಲಿ ಇರುವಷ್ಟು ನಮ್ಮ ಅಡುಗೆಮನೆಯ ಬೇರೆ ಡಬ್ಬಿಗಳಲ್ಲಿ ಸಿಗುವುದು ಕಷ್ಟ. ದಯವಿಟ್ಟು ಬಿಡಬೇಡಿ. ಮುರುಗಲು ಪಾನಕ, ಒಂದೆಲಗದ ತಂಬುಳಿ ಮಾಡಿಕೊಳ್ಳಿ, ಬಾಯಿಗೂ ಹೊಟ್ಟೆಗೂ ಹಿತ. ಆದರೆ ಅದರಿಂದಲೇ ಬಿಸಿ ಏರುವುದು ನಿಲ್ಲುತ್ತದೆ ಅಂತ ಕಾಯಬೇಡಿ. ಹೆಸರಿಲ್ಲದ ಚೂರ್ಣ, "ಹಾರ್ಮೋನ್ ಸರಿ ಮಾಡುವ" ಪುಡಿಗಳಿಗೆ ದುಡ್ಡು ಸುರಿಯುವುದು ಬೇಡ.

ನಿದ್ದೆ ಕೆಡುವಷ್ಟು, ಕೆಲಸ ನಿಲ್ಲುವಷ್ಟು ತೊಂದರೆ ಇದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಬಿಸಿ, ಬೆವರಿಗೆ ಇವತ್ತಿಗೂ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆ. ಮಾತ್ರೆ ಇದೆ, ಚರ್ಮಕ್ಕೆ ಹಚ್ಚುವ ಜೆಲ್ ಇದೆ. "ಕ್ಯಾನ್ಸರ್ ಬರುತ್ತೆ" ಎಂಬ ಹೆದರಿಕೆ ಹುಟ್ಟಿದ್ದು 2002ರಲ್ಲಿ. ಆ ವರ್ಷ ಅಮೆರಿಕದ ಒಂದು ದೊಡ್ಡ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಎರಡು ಹಾರ್ಮೋನು ಒಟ್ಟಿಗೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಹೆಂಗಸರಿಗೆ ಸುಮಾರು ಎಂಟರಷ್ಟು ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಅಲ್ಲಿ ಸೇರಿದ್ದವರ ಸರಾಸರಿ ವಯಸ್ಸು 63 ಅನ್ನುವುದು ಮಾತ್ರ ಹೆಚ್ಚಿನವರ ಕಿವಿಗೆ ಬೀಳಲೇ ಇಲ್ಲ. 60ರ ಒಳಗೆ, ಮುಟ್ಟು ನಿಂತು ಹತ್ತು ವರ್ಷದ ಒಳಗೆ ಶುರು ಮಾಡುವ ಆರೋಗ್ಯವಂತ ಹೆಂಗಸರಿಗೆ ಅಪಾಯಕ್ಕಿಂತ ಉಪಯೋಗವೇ ಜಾಸ್ತಿ ಎಂಬುದು ಈಗ ತಜ್ಞರ ಅಭಿಪ್ರಾಯ. ಹಾಗಂತ ಎಲ್ಲರಿಗೂ ಆಗುವುದಿಲ್ಲ. ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಕ್ವ ಅಥವಾ ಹೃದಯಾಘಾತ ಆದವರು, ಲಿವರ್ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ತೆಗೆದುಕೊಳ್ಳಬಾರದು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಕೊಡಲೇಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರಕ್ಕೆ ಅಪಾಯ. ಹಾಗಾಗಿ ಬೇರೆಯವರ ಚೀಟಿ ತೋರಿಸಿ ಮೆಡಿಕಲ್ಲಿನಲ್ಲಿ ತಂದುಕೊಳ್ಳುವ ಔಷಧಿ ಇದಲ್ಲ. ಹಾರ್ಮೋನು ಬೇಡ ಅನ್ನುವವರಿಗೆ, ಆಗದವರಿಗೆ ಬೇರೆ ಮಾತ್ರೆಗಳಿವೆ. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಬಿಸಿ ಏರುವುದೂ ತಗ್ಗುತ್ತದೆ. ಚೀಟಿಯಲ್ಲಿ ಅಂಥ ಹೆಸರು ಕಂಡರೆ ಗಾಬರಿ ಬೇಡ.

ನಮ್ಮ ಕಡೆಯವರಿಗೆ ಬೇರೆಯಾಗಿ ಹೇಳಲೇಬೇಕಾದ ಒಂದು ಮಾತಿದೆ. ಹಾರ್ಮೋನಿನ ಬಿಸಿಗೆ ಥರ್ಮಾಮೀಟರಿನಲ್ಲಿ ಜ್ವರ ಕಾಣುವುದಿಲ್ಲ. 100 ಡಿಗ್ರಿ ದಾಟಿದೆ, ಮೈಕೈ ನೋವಿದೆ, ತಲೆ ಸಿಡಿಯುತ್ತಿದೆ ಅಂದರೆ "ಇದೂ ಅದೇ ಇರಬೇಕು" ಅಂತ ಸುಮ್ನೆ ಮಲಗಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಜ್ವರ ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನಿಂದ ಮೇವರೆಗೆ. ಸೊಪ್ಪು, ದರಗು ತರಲು ಕಾಡಿಗೆ ಹೋಗುವವರು ನಾವೇ ಅಲ್ವಾ. ಜ್ವರ ಇದ್ದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಹಾಗೆಯೇ ಥೈರಾಯ್ಡ್ ಏರುಪೇರಾದರೂ ಬೆವರು, ಎದೆಬಡಿತ, ಸುಸ್ತು, ನಿದ್ದೆಗೇಡು ಎಲ್ಲ ಬರುತ್ತದೆ. ಅದಕ್ಕೊಂದು ರಕ್ತಪರೀಕ್ಷೆ ಮಾಡಿಸಿ ನೋಡಿಕೊಳ್ಳುವುದು ಒಳ್ಳೆಯದು.

ಈಗ ಗರ್ಭಕೋಶದ ಮಾತಿಗೆ ಬರುತ್ತೇನೆ, ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ. ಮಕ್ಕಳಾಗಿವೆ, ಇನ್ನು ಅದು ಯಾಕೆ ಬೇಕು ಅನ್ನುವ ಮಾತು ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಕೆಲವರಿಗೆ ಸ್ರಾವ ವಿಪರೀತ ಆಗುತ್ತದೆ. ಗಂಟೆಗೊಂದು ಪ್ಯಾಡ್ ಬದಲಿಸುವ ಹಾಗಾಗಿದ್ದರೆ, ಗಡ್ಡೆ ಗಡ್ಡೆ ಹೋಗುತ್ತಿದ್ದರೆ, ಹತ್ತು ದಿನವಾದರೂ ನಿಲ್ಲದಿದ್ದರೆ ತಡ ಮಾಡದೆ ತೋರಿಸಿ. ಹಿಮೋಗ್ಲೋಬಿನ್ ನೋಡಿಸಿ, ಸ್ಕ್ಯಾನ್ ಮಾಡಿಸಿ. ಆದರೆ ಆಪರೇಷನ್ನೇ ಮೊದಲ ದಾರಿ ಅಲ್ಲ. ಸ್ರಾವ ಕಡಿಮೆ ಮಾಡುವ ಮಾತ್ರೆಗಳಿವೆ. ಗರ್ಭಕೋಶದೊಳಗೆ ಇಡುವ ಹಾರ್ಮೋನು ಇರುವ ಸಾಧನ ಇದೆ, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆ ಇದ್ದರೆ, ಬೇರೆ ಯಾವುದರಿಂದಲೂ ಸ್ರಾವ ನಿಲ್ಲದಿದ್ದರೆ ಆಪರೇಷನ್ ಬೇಕಾಗಬಹುದು. ಆಗಲೂ ಎರಡು ಪ್ರಶ್ನೆ ಕೇಳಿ: "ಬೇರೆ ದಾರಿ ಏನಿದೆ ಡಾಕ್ಟ್ರೇ?", "ಅಂಡಾಶಯ ಉಳಿಸುತ್ತೀರಾ, ತೆಗೆಯುತ್ತೀರಾ?" ಎರಡೂ ಅಂಡಾಶಯ ತೆಗೆದರೆ ವರ್ಷಗಳಲ್ಲಿ ನಿಧಾನಕ್ಕೆ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗುತ್ತದೆ. ಬಿಸಿ, ಬೆವರು ಇನ್ನೂ ಜೋರಾಗುತ್ತದೆ, ಮೂಳೆ ಬೇಗ ಸವೆಯುತ್ತದೆ. ಅನುಮಾನ ಇದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. ಒಬ್ಬರಿಗೆ ತೋರಿಸಿ ಇನ್ನೊಬ್ಬರನ್ನು ಕೇಳುವುದು ಯಾರಿಗೂ ಅವಮಾನ ಅಲ್ಲ.

ಬಿಸಿ ಏರುವುದು ಕಣ್ಣಿಗೆ ಕಾಣುತ್ತದೆ, ಮೂಳೆ ಸವೆಯುವುದು ಕಾಣುವುದಿಲ್ಲ. ಮುಟ್ಟು ನಿಂತ ಮೊದಲ ಐದಾರು ವರ್ಷದಲ್ಲೇ ಮೂಳೆ ಅತಿ ವೇಗವಾಗಿ ಸವೆಯುತ್ತದೆ. ಮಲೆನಾಡಿನ ಊಟ ಇಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ. ಬೆಳಿಗ್ಗೆ ಅಕ್ಕಿ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ 10 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಇರುವುದಿಲ್ಲ. ಅಷ್ಟೇ ರಾಗಿಯಲ್ಲಿ 350ರ ಹತ್ತಿರ ಇರುತ್ತದೆ. ನಿಮಗೆ ದಿನಕ್ಕೆ ಬೇಕಾಗುವುದು 1000ದಿಂದ 1200 ಮಿಲಿಗ್ರಾಂ. ಹಾಗಾಗಿ ದಿನಕ್ಕೊಂದು ಹೊತ್ತು ರಾಗಿ ರೊಟ್ಟಿಯೋ ಅಂಬಲಿಯೋ ಆಗಲಿ, ಊಟಕ್ಕೆ ಗಟ್ಟಿ ಮೊಸರು, ಮಲಗುವ ಮುಂಚೆ ಒಂದು ಲೋಟ ಹಾಲು, ಹರಿವೆ ಸೊಪ್ಪು, ಹುರುಳಿ, ಒಂದು ಚಮಚ ಎಳ್ಳಿನ ಪುಡಿ. ಮೀನು ತಿನ್ನುವವರು ಸಣ್ಣ ಮೀನನ್ನು ಮುಳ್ಳಿನ ಸಮೇತ ತಿನ್ನಿ. ಹಾಲನ್ನೆಲ್ಲ ಡೈರಿಗೆ ಹಾಕಿ, ಉಳಿದದ್ದನ್ನು ಮಕ್ಕಳಿಗೆ ಕೊಟ್ಟು, ಕೊನೆಗೆ ಉಳಿದ ನೀರು ಮಜ್ಜಿಗೆಯನ್ನು ನೀವು ಕುಡಿಯುವುದು ಇನ್ನು ಸಾಕು.

ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು ಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯಲ್ಲಿ ಸೂರ್ಯನ ಮುಖ ನೋಡುವುದೇ ಅಪರೂಪ. ಬಿಸಿಲಿರುವ ತಿಂಗಳುಗಳಲ್ಲೂ ತೋಟದ ನೆರಳಲ್ಲೇ ಕೆಲಸ. ಹಾಗಾಗಿ ಬಿಸಿಲಿದ್ದಾಗ ಅಂಗಳದಲ್ಲಿ ಕೈಕಾಲಿಗೆ ಬಿಸಿಲು ಬೀಳುವ ಹಾಗೆ ಸ್ವಲ್ಪ ಹೊತ್ತು ಇರಿ. ಕಡಿಮೆ ಇದೆ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾದರೆ ವಾರಕ್ಕೊಂದು 60,000 ಯೂನಿಟ್ಟಿನ ಮಾತ್ರೆ ಬರೆದುಕೊಡುತ್ತಾರೆ. ಅದನ್ನು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಿ. ದಿನಾ ನುಂಗಿದರೆ, ವರ್ಷಗಟ್ಟಲೆ ನುಂಗಿದರೆ ಮೈಗೆ ವಿಷವೇ.

"ದಿನವಿಡೀ ದುಡಿಯುತ್ತೇನೆ, ಮತ್ತೆ ವ್ಯಾಯಾಮ ಬೇರೆ ಬೇಕಾ?" ಅಂತ ಕೇಳುತ್ತೀರಿ, ಗೊತ್ತು. ಗುಡ್ಡ ಹತ್ತಿ ಇಳಿಯುವುದು ಮೂಳೆಗೆ ಒಳ್ಳೆಯದೇ. ಆದರೆ ನಮ್ಮ ಹೆಚ್ಚಿನ ಕೆಲಸ ಬಗ್ಗಿ ಅಥವಾ ಕೂತು ಮಾಡುವಂಥದ್ದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಗೋಡೆಗೆ ಕೈ ಕೊಟ್ಟು ತಳ್ಳಿ. ಜಗಲಿ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ, ಬೀಳದ ಹಾಗೆ ಕಾಪಾಡುವುದು ಇದೇ ಅಭ್ಯಾಸ. ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಮಣಿಕಟ್ಟು, ಸೊಂಟ ಮುರಿದುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ಕೊಟ್ಟಿಗೆಗೆ ಹೋಗುವ ದಾರಿಗೆ ಅಡಿಕೆ ದಬ್ಬೆ ಹಾಸುವುದು, ಬಚ್ಚಲಿಗೆ ಒಳ್ಳೆಯ ಲೈಟು ಮತ್ತು ಹಿಡಿಕೆ ಹಾಕಿಸುವುದು ಮೂಳೆಯ ಔಷಧಿಯಷ್ಟೇ ಮುಖ್ಯ.

ಈಸ್ಟ್ರೋಜನ್ ಇಳಿದ ಮೇಲೆ ಕೊಲೆಸ್ಟರಾಲ್, ಬಿಪಿ ಏರಲು ಶುರುವಾಗುತ್ತದೆ. ಬಿಪಿ, ಶುಗರ್ ಪರೀಕ್ಷೆ 30 ದಾಟಿದವರಿಗೆಲ್ಲ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನೂ ಅಲ್ಲೇ ಕೇಳಿ, ಆಶಾ ಕಾರ್ಯಕರ್ತೆಗೆ ದಿನ ಗೊತ್ತಿರುತ್ತದೆ. ಅಪ್ಪೆಮಿಡಿ ಪ್ರತಿ ಊಟಕ್ಕೂ ಬೇಡ, ಉಪ್ಪು ಜಾಸ್ತಿ. ಕವಳ, ಅಂದರೆ ಎಲೆ-ಅಡಿಕೆ, ಬಿಡಿ, ತಂಬಾಕು ಹಾಕುವವರಂತೂ ಮೊದಲು ಬಿಡಿ. ಬರಿಯ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅಡಿಕೆ ಬೆಳೆಯುವ ಮನೆಯವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು.

ಸಿಟ್ಟು, ಸುಮ್ಮಸುಮ್ಮನೆ ಅಳು, ಮರೆವು ಕೂಡ ಈ ಕಾಲದಲ್ಲಿ ಬರುತ್ತದೆ. ನಿದ್ದೆ ಸರಿಯಾದರೆ ಇದೂ ಎಷ್ಟೋ ಸರಿಹೋಗುತ್ತದೆ. ಎರಡು ವಾರ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ನೀವು ಕೇಳದ, ಆದರೆ ನಿಮ್ಮ ವಯಸ್ಸಿನ ಎಷ್ಟೋ ಹೆಂಗಸರು ಬಾಯಿ ಬಿಡದ ಒಂದು ತೊಂದರೆ ಇದೆ. ಯೋನಿ ಒಣಗುವುದು, ಗಂಡನ ಜೊತೆ ಸೇರುವಾಗ ನೋವು, ಪದೇ ಪದೇ ಉರಿಮೂತ್ರ, ಕೆಮ್ಮಿದರೆ ಹನಿ ಹನಿ ಮೂತ್ರ ಹೋಗುವುದು. ಬಿಸಿ ಏರುವುದು ತಾನಾಗಿ ಹೋಗಬಹುದು, ಒಣಗುವುದು ತಾನಾಗಿ ಹೋಗುವುದಿಲ್ಲ, ವರ್ಷ ಕಳೆದ ಹಾಗೆ ಜಾಸ್ತಿಯಾಗುತ್ತದೆ. ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ, ಪ್ರಮಾಣ ತೀರಾ ಕಡಿಮೆ, ಹೆಚ್ಚಿನವರಿಗೆ ಸುರಕ್ಷಿತ. ಮೂತ್ರ ಸೋರುವುದಕ್ಕೆ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು, ಮೂತ್ರ ತಡೆದು ಹಿಡಿಯುವ ಹಾಗೆ ಬಿಗಿ ಮಾಡಿ ಸಡಿಲ ಬಿಡುವ ವ್ಯಾಯಾಮ ಇದೆ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ ಮಾಡಿದರೆ ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಹುಲ್ಲಿನ ಹೊರೆ ಅಲ್ಲಿಯವರೆಗೆ ಅರ್ಧಕ್ಕೆ ಇಳಿಸಿ. ಹೇಳಲು ನಾಚಿಕೆ ಆದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರ ಕೈಗೆ ಕೊಡಿ. ಅದೇ ಚೀಟಿಯಲ್ಲಿ ಕೊನೆಯ ಮುಟ್ಟಿನ ತಾರೀಕು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ತಾಯಿ ಅಥವಾ ಅಕ್ಕತಂಗಿಯರಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಬರೆಯಿರಿ. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ, ನೋವಿಲ್ಲದಿದ್ದರೂ, ಆ ವಾರವೇ ಹೋಗಿ ತೋರಿಸಿ. ಹೆಚ್ಚಿನ ಸಲ ಅದು ಸಣ್ಣ ಕಾರಣವೇ ಇರುತ್ತದೆ. ಕ್ಯಾನ್ಸರ್ ಆಗಿದ್ದರೂ ಆ ಹಂತದಲ್ಲಿ ಸಿಕ್ಕರೆ ಪೂರ್ತಿ ಗುಣ ಮಾಡುವ ಅವಕಾಶ ಜಾಸ್ತಿ.